ನಿಂತ ಗಾಡಿಯನ್ನು ರೈಸ್ ಮಾಡಿದರೆ ಎಂಜಿನ್ ಹಾಳಾಗುತ್ತದೆಯೇ?

ಮಂಜೇಶ್ವರದಿಂದ ಕಾಸರಗೋಡಿನವರೆಗೆ ಯಾವ ವರ್ಕ್‌ಶಾಪಿನಲ್ಲಿ ಬೇಕಾದರೂ ಈ ಪ್ರಶ್ನೆ ಕೇಳಿ ನೋಡಿ, ಎರಡು ಉತ್ತರ ಸಿಗುತ್ತದೆ. ‘ನ್ಯೂಟ್ರಲ್‌ನಲ್ಲಿಟ್ಟು ರೈಸ್ ಮಾಡಿದರೆ ಎಂಜಿನ್ ಹೋಯ್ತು ಅಂತಲೇ ಲೆಕ್ಕ’ ಎನ್ನುವವರು ಒಂದು ಕಡೆ. ‘ಏನೂ ಆಗುವುದಿಲ್ಲ ಮಾರಾಯ, ಈಗಿನ ಗಾಡಿಯಲ್ಲಿ ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ’ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅರ್ಧ ಸರಿ. ಆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂದು ಗೊತ್ತಿಲ್ಲದಿದ್ದರೆ ನಷ್ಟ ಗಾಡಿಯ ಯಜಮಾನನಿಗೆ. ನಮ್ಮ ಊರುಗಳಲ್ಲಿ ಆ ಯಜಮಾನ ಹೆಚ್ಚಾಗಿ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ. ಕೀ ಇರುವುದು ಊರಲ್ಲಿರುವ ತಮ್ಮನ ಕೈಯಲ್ಲಿ.

ಮೊದಲು ‘ಏನೂ ಆಗುವುದಿಲ್ಲ’ ಎನ್ನುವವರ ಕಡೆಯ ಗಟ್ಟಿ ಸಾಕ್ಷಿ ನೋಡೋಣ. ಡೀಸೆಲ್ ಗಾಡಿಯನ್ನು ಪೊಲ್ಯೂಷನ್ ಸರ್ಟಿಫಿಕೇಟಿಗೆ ಕೊಂಡುಹೋದರೆ ಅಲ್ಲಿ ಮಾಡುವುದೇನು? ಗೇರ್ ನ್ಯೂಟ್ರಲ್‌ನಲ್ಲಿಟ್ಟು ಎಕ್ಸಲೇಟರ್ ಪೂರ್ತಿ ಒತ್ತುತ್ತಾರೆ. ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಹೋದ ಮೇಲೆ ಕಾಲು ತೆಗೆಯುತ್ತಾರೆ. ಒಂದು ಸಲವಲ್ಲ, ಬೆನ್ನುಬೆನ್ನಿಗೆ ಹಲವು ಸಲ. ಪ್ರತಿ ಸಲದ ಹೊಗೆಯನ್ನು ಅಳೆದು ಸರಾಸರಿ ತೆಗೆಯುವುದು. ಭಾರವಿಲ್ಲದೆ ರೈಸ್ ಮಾಡಿದ ಮಾತ್ರಕ್ಕೆ ಎಂಜಿನ್ ಒಡೆಯುವುದಿದ್ದರೆ ದೇಶದ ಅರ್ಧ ಡೀಸೆಲ್ ಗಾಡಿಗಳು ಹೊಗೆ ಪರೀಕ್ಷೆಯ ಅಂಗಡಿಯ ಮುಂದೆಯೇ ಸಾಯಬೇಕಿತ್ತು.

ಆದರೆ ಅದೇ ಪರೀಕ್ಷೆಗೆ ಒಂದು ಷರತ್ತೂ ಇದೆ. ಎಂಜಿನ್ ಬಿಸಿಯಾಗಿರಬೇಕು, ಆಯಿಲ್ ಕನಿಷ್ಠ 60 ಡಿಗ್ರಿಗೆ ಬಂದಿರಬೇಕು. ಎಷ್ಟೋ ಕಡೆ ಇದನ್ನು ಯಾರೂ ನೋಡುವುದಿಲ್ಲ, ಆ ಮಾತು ಬೇರೆ. ಷರತ್ತು ಯಾಕೆ ಬಂತು ಎಂಬುದರಲ್ಲೇ ಉತ್ತರದ ದೊಡ್ಡ ಪಾಲು ಇದೆ.

ಎಂಜಿನ್‌ಗೆ ಭಾರ ಅಂದರೆ ಏನು ಎಂದು ತಿಳಿಯಲು ಸಂಪಾಜೆ ಘಾಟಿ ಹತ್ತುವ ಕಾರನ್ನು ನೆನೆಸಿಕೊಳ್ಳಿ. ಮೂರನೇ ಗೇರು, 3000 ಆರ್‌ಪಿಎಂ, ಕಾಲು ಎಕ್ಸಲೇಟರ್ ಮೇಲೆ ಗಟ್ಟಿಯಾಗಿ ಕೂತಿದೆ. ಒಳಗೆ ಉರಿಯುವ ಇಂಧನ ಪ್ರತಿ ಸಲವೂ ಪಿಸ್ಟನ್ನನ್ನು ಜೋರಾಗಿ ತಳ್ಳುತ್ತದೆ, ಯಾಕೆಂದರೆ ಇಡೀ ಗಾಡಿಯನ್ನು ಮೇಲಕ್ಕೆ ಎಳೆಯಬೇಕು. ಅದೇ ಕಾರನ್ನು ಮನೆಯಂಗಳದಲ್ಲಿ ನ್ಯೂಟ್ರಲ್‌ನಲ್ಲಿಟ್ಟು 3000 ಆರ್‌ಪಿಎಂಗೆ ತರಲು ಕಾಲ ಬೆರಳು ಮುಟ್ಟಿಸಿದರೂ ಸಾಕು. ಒಳಗಿನ ಉಜ್ಜಾಟವನ್ನು ಮೀರುವಷ್ಟು ಇಂಧನ ಉರಿದರೆ ಆಯಿತು. ಹಾಗಾಗಿ ಒಂದೇ ವೇಗದಲ್ಲಿ ಹೋಲಿಸಿದರೆ ಭಾರವಿಲ್ಲದ ಎಂಜಿನ್‌ಗೆ ಬಿಸಿ ಕಡಿಮೆ, ಬೇರಿಂಗಿನ ಮೇಲಿನ ಒತ್ತಡವೂ ಕಡಿಮೆ. ‘ಭಾರವಿಲ್ಲದೆ ತಿರುಗಿದರೆ ಹೆಚ್ಚು ಸವೆಯುತ್ತದೆ’ ಎಂಬ ಮಾತು ಈ ಅರ್ಥದಲ್ಲಿ ಸುಳ್ಳು.

ತೊಂದರೆ ಬರುವುದು ತಡೆಯುವವರು ಯಾರೂ ಇಲ್ಲ ಎನ್ನುವಲ್ಲಿ. ರಸ್ತೆಯಲ್ಲಿ ಮೊದಲ ಗೇರಿನಲ್ಲಿ ಎಷ್ಟೇ ಒತ್ತಿದರೂ ಕಾರಿನ ತೂಕ ಹಿಂದಕ್ಕೆ ಹಿಡಿಯುತ್ತದೆ, ಆರ್‌ಪಿಎಂ ಏರಲು ಕೆಲವು ಸೆಕೆಂಡು ಬೇಕು. ನ್ಯೂಟ್ರಲ್‌ನಲ್ಲಿ ಪೂರ್ತಿ ಒತ್ತಿದರೆ 800ರಲ್ಲಿ ಗುನುಗುತ್ತಿದ್ದ ಎಂಜಿನ್ ಒಂದೆರಡು ಸೆಕೆಂಡಿನಲ್ಲಿ 6000 ಮುಟ್ಟುತ್ತದೆ.

6000 ಆರ್‌ಪಿಎಂ ಅಂದರೆ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುವುದು. ಪ್ರತಿ ಸಲವೂ ಮೇಲೆ ಹೋಗಿ ಪೂರ್ತಿ ನಿಂತು ತಿರುಗಬೇಕು. ಅದನ್ನು ನಿಲ್ಲಿಸಿ ವಾಪಸ್ ಎಳೆಯುವ ಕೆಲಸ ಕನೆಕ್ಟಿಂಗ್ ರಾಡಿನದ್ದು. ಈ ಎಳೆತ ಆರ್‌ಪಿಎಂ ಏರಿದಷ್ಟೇ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. ಆರ್‌ಪಿಎಂ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, 1000ದಿಂದ 6000ಕ್ಕೆ ಹೋದರೆ 36 ಪಟ್ಟು. ಪಿಸ್ಟನ್ ಸುಮಾರು 300 ಗ್ರಾಂ ತೂಗುತ್ತದೆ, ಅದು ಓಡುವ ದೂರ 75 ಮಿಲಿಮೀಟರ್ ಎಂದು ಇಟ್ಟುಕೊಂಡರೆ 6000 ಆರ್‌ಪಿಎಂನಲ್ಲಿ ಮೇಲಿನ ತುದಿಯಲ್ಲಿ ರಾಡ್ ತಡೆಯಬೇಕಾದ ಬಲ ಅರ್ಧ ಟನ್ನಿಗೂ ಮಿಕ್ಕಿ ಬರುತ್ತದೆ. ಒಳಗೆ ಗಾಳಿ ಒತ್ತಿ ಬರುವ ಸುತ್ತಿನಲ್ಲಿ ಆ ಒತ್ತಡವೇ ಪಿಸ್ಟನ್ನಿಗೆ ಮೇಲಿನಿಂದ ಆಸರೆ ಕೊಡುತ್ತದೆ. ಹೊಗೆ ಹೊರಹಾಕುವ ಸುತ್ತಿನಲ್ಲಿ ವಾಲ್ವ್ ತೆರೆದಿರುವುದರಿಂದ ಆಸರೆಯೂ ಇಲ್ಲ.

ಇಷ್ಟಾದರೂ ಕಂಪೆನಿಯವರು ಕೆಂಪು ಗೆರೆಯ ತನಕ ತಡೆಯುವಂತೆಯೇ ರಾಡು, ಬೋಲ್ಟು, ವಾಲ್ವಿನ ಸ್ಪ್ರಿಂಗು ಮಾಡಿರುತ್ತಾರೆ. ಆ ಗೆರೆ ದಾಟದಂತೆ ಇಸಿಯು ಇಂಧನ ನಿಲ್ಲಿಸುತ್ತದೆ. ಇದಕ್ಕೆ ರೆವ್ ಲಿಮಿಟರ್ ಅನ್ನುತ್ತಾರೆ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಆಟೋಮ್ಯಾಟಿಕ್‌ಗಳಲ್ಲಿ, ಗಾಡಿ ನಿಂತಿದ್ದರೆ 4000ದ ಹತ್ತಿರವೇ ತಡೆಯುತ್ತಾರೆ. ಹಳೆಯ ಡೀಸೆಲ್‌ಗಳಲ್ಲಿ ಪಂಪಿನೊಳಗಿನ ಗವರ್ನರ್ ಈ ಕೆಲಸ ಮಾಡುತ್ತಿತ್ತು. ಆದ್ದರಿಂದ ಆಯಿಲ್ ಸರಿಯಿದ್ದು, ಬಿಸಿಯಾಗಿ, ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ನನ್ನು ಮೆಕ್ಯಾನಿಕ್ ನಾಲ್ಕು ಸಲ ರೈಸ್ ಮಾಡಿ ನೋಡಿದರೆ ಹೆದರುವುದು ಬೇಡ.

ಹೆದರಬೇಕಾದ್ದು ಬೆಳಿಗ್ಗೆಯ ಮೊದಲ ರೈಸಿಗೆ. ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಬಹುಪಾಲು ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಸ್ಟಾರ್ಟ್ ಮಾಡಿದ ಮೇಲೆ ಪಂಪು ಅದನ್ನು ಎತ್ತಿ ಬೇರಿಂಗಿಗೆ, ಅಲ್ಲಿಂದ ಮೇಲೆ ಹೆಡ್ಡಿಗೆ ತಲುಪಿಸಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಬೇರಿಂಗು ನಿಜವಾಗಿ ಲೋಹದ ಮೇಲೆ ತಿರುಗುವುದಲ್ಲ, ತೆಳ್ಳಗಿನ ಆಯಿಲ್ ಪದರದ ಮೇಲೆ ತೇಲುವುದು. ಪದರ ಕೂರುವ ಮುಂಚೆಯೇ 4000 ಆರ್‌ಪಿಎಂಗೆ ಎಳೆದರೆ ಲೋಹಕ್ಕೆ ಲೋಹ ತಾಗುತ್ತದೆ. ಇದರ ಜೊತೆಗೆ ಅಲ್ಯೂಮಿನಿಯಂ ಪಿಸ್ಟನ್ ಬೇಗ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲಿನ ಬ್ಲಾಕ್ ಅಷ್ಟು ಬೇಗ ಬಿಸಿಯಾಗುವುದಿಲ್ಲ. ತಣ್ಣಗಿರುವಾಗ ಇಸಿಯು ಪೆಟ್ರೋಲ್ ಹೆಚ್ಚು ಬಿಡುತ್ತದೆ, ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಒಂದು ದಿನದಲ್ಲಿ ಏನೂ ಕಾಣುವುದಿಲ್ಲ. ದಿನಾ ಬೆಳಿಗ್ಗೆ ಹೀಗೆ ಮಾಡಿದ ಗಾಡಿ, ಮಾಡದ ಗಾಡಿಗಿಂತ ಎಷ್ಟೋ ಮೊದಲು ಆಯಿಲ್ ಕುಡಿಯಲು ಸುರು ಮಾಡುತ್ತದೆ.

ಹಾಗೆಂದು ಹತ್ತು ನಿಮಿಷ ಸ್ಟಾರ್ಟ್ ಇಟ್ಟು ಕಾಯುವುದೂ ಬೇಡ. ನಮ್ಮ ಕರಾವಳಿಯಲ್ಲಿ ಹಿಮ ಬೀಳುವುದಿಲ್ಲವಲ್ಲ. ಅರ್ಧ ನಿಮಿಷ ಬಿಟ್ಟು, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿದರೆ ಎಂಜಿನ್ ನಿಂತು ಬಿಸಿಯಾಗುವುದಕ್ಕಿಂತ ಬೇಗ ಬಿಸಿಯಾಗುತ್ತದೆ.

ಇನ್ನು ಟರ್ಬೋ. ಟ್ಯಾಕ್ಸಿ, ಪಿಕಪ್, ಮೀನಿನ ಗಾಡಿ ಓಡಿಸಿ ಮನೆ ನಡೆಸುವವರು ಇದನ್ನು ಸ್ವಲ್ಪ ಗಮನ ಕೊಟ್ಟು ಓದಬೇಕು. ಹಳೆಯ ಡ್ರೈವರ್‌ಗಳಲ್ಲಿ ಒಂದು ಅಭ್ಯಾಸ ಇದೆ: ಗಾಡಿ ನಿಲ್ಲಿಸಿ, ಆಫ್ ಮಾಡುವ ಮೊದಲು ‘ವ್ರೂಂ’ ಅಂತ ಕೊನೆಯ ಒಂದು ರೈಸ್ ಕೊಟ್ಟು ಕೀ ತಿರುಗಿಸುವುದು. ಟರ್ಬೋ ಇಲ್ಲದ ಹಳೇ ಜೀಪು, ಲಾರಿಗಳ ಕಾಲದಿಂದ ಬಂದದ್ದು. ಗುರುವಿನಿಂದ ಕ್ಲೀನರಿಗೆ, ಕ್ಲೀನರಿನಿಂದ ಅವನ ಮಗನಿಗೆ ದಾಟಿ ಇವತ್ತಿಗೂ ಉಳಿದಿದೆ. ಆ ಗಾಡಿಗಳಿಗೆ ಅದರಿಂದ ಲಾಭವೂ ಇರಲಿಲ್ಲ, ದೊಡ್ಡ ನಷ್ಟವೂ ಇರಲಿಲ್ಲ. ಇವತ್ತಿನ ಡೀಸೆಲ್‌ಗಳೆಲ್ಲ ಟರ್ಬೋ, ಪೆಟ್ರೋಲ್‌ಗಳಲ್ಲೂ ಹಲವು.

ಟರ್ಬೋದೊಳಗಿನ ಸಣ್ಣ ಚಕ್ರ ಹೊಗೆಯ ರಭಸದಲ್ಲಿ ತಿರುಗುತ್ತದೆ. ಕಾರಿನ ಟರ್ಬೋಗಳಲ್ಲಿ ಅದರ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಮಾಮೂಲು, ಕೆಲವದರಲ್ಲಿ ಎರಡು ಲಕ್ಷ. ಅದರ ಶಾಫ್ಟ್ ಕೂಡ ಆಯಿಲಿನ ಮೇಲೆಯೇ ತೇಲುವುದು. ಆ ಆಯಿಲ್ ಕಳಿಸುವುದು ಎಂಜಿನ್ನಿನ ಪಂಪು. ಎಂಜಿನ್ ಆಫ್ ಆದ ಕ್ಷಣ ಪಂಪು ನಿಂತಿತು, ಟರ್ಬೋ ಮಾತ್ರ ಇನ್ನೂ ತಿರುಗುತ್ತಿದೆ. ಭಾರವಿಲ್ಲದೆ ರೈಸ್ ಮಾಡಿದಾಗ ಟರ್ಬೋ ತನ್ನ ಪೂರ್ತಿ ವೇಗಕ್ಕೆ ಹೋಗುವುದಿಲ್ಲ, ನಿಜ. ಆದರೂ ಐಡ್ಲಿಂಗಿನಲ್ಲಿ ಮೆಲ್ಲಗಿದ್ದದ್ದನ್ನು ಎಬ್ಬಿಸಿ, ಅದೇ ಕ್ಷಣದಲ್ಲಿ ಆಯಿಲ್ ಬಂದ್ ಮಾಡಿದಂತಾಯಿತು. ಹೈವೇಯಲ್ಲಿ ಓಡಿ ಬಂದ ಗಾಡಿಯಾದರೆ ಟರ್ಬೋ ಕಾದಿರುತ್ತದೆ, ಒಳಗೆ ನಿಂತ ಆಯಿಲ್ ಅಲ್ಲೇ ಸೀದು ಕರಿ ಹಿಡಿಯುತ್ತದೆ. ಕಾವಲಿಯಲ್ಲಿ ಎಣ್ಣೆ ಸೀದ ಹಾಗೆ. ಆ ಕರಿ ಮುಂದೆ ಆಯಿಲ್ ಹೋಗುವ ಸಣ್ಣ ದಾರಿಗಳನ್ನು ಕಟ್ಟುತ್ತದೆ. ಟರ್ಬೋ ಬದಲಾಯಿಸುವ ಖರ್ಚು ಹತ್ತಾರು ಸಾವಿರ. ಮಾಮೂಲಿ ಇನ್ಶೂರೆನ್ಸ್ ಪಾಲಿಸಿಯಲ್ಲಿ ಸವೆತಕ್ಕೆ, ಎಂಜಿನ್ ಕೆಟ್ಟದ್ದಕ್ಕೆ ಒಂದು ಪೈಸೆಯೂ ಸಿಗುವುದಿಲ್ಲ. ಗಾಡಿ ವರ್ಕ್‌ಶಾಪಿನಲ್ಲಿ ಕೂತ ದಿನಗಳ ಬಾಡಿಗೆ ಬೇರೆ ಹೋಯಿತು. ಹೈವೇಯಿಂದಲೋ ಏರು ರಸ್ತೆಯಿಂದಲೋ ಬಂದರೆ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಫ್ ಮಾಡಿದರೆ ಸಾಕು. ಪೇಟೆಯೊಳಗೆ ಮೆಲ್ಲಗೆ ಓಡಿ ಬಂದಿದ್ದರೆ ಅದೂ ಬೇಡ.

ಟೈಮಿಂಗ್ ಬೆಲ್ಟ್ ಇರುವ ಗಾಡಿಯವರಿಗೆ ಒಂದು ಮಾತು. ಮಾರುತಿ 800, ಓಮ್ನಿ, 2.5 ಲೀಟರಿನ ಹಳೆಯ ಇನ್ನೋವಾ ಡೀಸೆಲ್ ಇವುಗಳಲ್ಲಿ ಚೈನ್ ಅಲ್ಲ, ರಬ್ಬರಿನ ಬೆಲ್ಟ್. ಅವಧಿ ಮುಗಿದ ಬೆಲ್ಟು ಹಲ್ಲು ಕಳಚುವುದೋ ತುಂಡಾಗುವುದೋ ಇಂಥ ಹಠಾತ್ ರೈಸಿನಲ್ಲೇ. ಡೀಸೆಲ್‌ನಲ್ಲಿ ಬೆಲ್ಟ್ ಹೋದರೆ ಪಿಸ್ಟನ್ ವಾಲ್ವಿಗೆ ಹೊಡೆಯುತ್ತದೆ, ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಬೆಲ್ಟ್ ಯಾವಾಗ ಹಾಕಿದ್ದು ಎಂದು ಗೊತ್ತಾಗುವ ತನಕ ಹೊಗೆ ಪರೀಕ್ಷೆಗೂ ಹೋಗದಿರುವುದು ಒಳ್ಳೆಯದು.

ಈಗ ಮದುವೆ ದಿಬ್ಬಣದ ವಿಷಯ. ಮದುಮಗನ ಕಾರಿನ ಹಿಂದೆ ಮುಂದೆ ಹತ್ತು ಬೈಕು, ನಾಲ್ಕು ಕಾರು, ಹಾಲ್ ಮುಂದೆ ನಿಲ್ಲಿಸಿ ಲಿಮಿಟರಿಗೆ ತಾಗಿಸಿ ‘ಟಟಟಟ’ ಅನ್ನಿಸುವುದು. ಕಂಪ್ಯೂಟರ್ ನೋಡಿಕೊಳ್ಳುತ್ತದೆ ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ. ಲಿಮಿಟರ್ ಇರುವುದು ಅಪ್ಪಿತಪ್ಪಿ ಗೆರೆ ದಾಟಿದರೆ ಹಿಡಿಯಲಿಕ್ಕೆ, ಅದರ ಮೇಲೆ ಕೂತು ಎರಡು ನಿಮಿಷ ಕಳೆಯಲಿಕ್ಕಲ್ಲ. ಗಾಡಿ ನಿಂತಿದೆ, ಎದುರಿನಿಂದ ಗಾಳಿಯಿಲ್ಲ, ರೇಡಿಯೇಟರಿಗೆ ಬರೇ ಫ್ಯಾನೇ ಗತಿ. ಬೈಕಿನದ್ದು ಏರ್ ಕೂಲ್ಡ್ ಎಂಜಿನ್ ಆದರೆ ಫ್ಯಾನೂ ಇಲ್ಲ, ಅದನ್ನು ತಣ್ಣಗಿಡುವುದೇ ಓಡುವಾಗ ಬೀಸುವ ಗಾಳಿ. ಕೂಲೆಂಟ್ ಕಡಿಮೆಯಿರುವ ಕಾರಾದರೆ ಹೆಡ್ ಗ್ಯಾಸ್ಕೆಟ್ ಹೋಗಲು ಇಷ್ಟು ಸಾಕು.

ಪಟಾಕಿ ಹೊಡೆದ ಹಾಗೆ ಶಬ್ದ ಬರಿಸುವವರದ್ದು ಇನ್ನೂ ಕೆಟ್ಟದು. ಕೀ ಆಫ್-ಆನ್ ಮಾಡಿಯೋ, ಇಸಿಯು ರೀಮ್ಯಾಪ್ ಮಾಡಿಸಿಯೋ, ಉರಿಯದ ಪೆಟ್ರೋಲನ್ನು ಸೈಲೆನ್ಸರಿಗೆ ಬಿಟ್ಟು ಅಲ್ಲಿ ಉರಿಸುವುದೇ ಆ ಶಬ್ದ. ದಾರಿಯಲ್ಲಿ ಇರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಜೇನುಗೂಡಿನಂಥ ಸೆರಾಮಿಕ್, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಇಂಧನ ಅದರೊಳಗೇ ಉರಿದರೆ ಸೆರಾಮಿಕ್ ಕರಗಿ ದಾರಿ ಕಟ್ಟುತ್ತದೆ. ಆಮೇಲೆ ಗಾಡಿಗೆ ಪಿಕಪ್ ಇಲ್ಲ, ಹೊಗೆ ಪರೀಕ್ಷೆಯೂ ಪಾಸಾಗದು. ಕೆಂಪಗೆ ಕಾದ ಸೈಲೆನ್ಸರಿನ ಅಡಿಯಲ್ಲಿ ಒಣ ಹುಲ್ಲಿದ್ದರೆ ಬೆಂಕಿಗೆ ಬೇರೆ ಕಾರಣ ಬೇಡ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಉಮ್ಮನೋ ತೊಟ್ಟಿಲ ಮಗುವೋ ಇರಬಹುದು ಎಂಬುದು ಈ ಸಂಭ್ರಮದಲ್ಲಿ ಯಾರ ತಲೆಗೂ ಹೋಗುವುದಿಲ್ಲ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡಬಹುದು. ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಶಬ್ದ ಮತ್ತು ಹೊಗೆಯ ಮಿತಿ ಮೀರಿದ ಗಾಡಿ ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ. ಸೈಲೆನ್ಸರ್ ಬದಲಾಯಿಸುವಂಥ ಮಾಡಿಫಿಕೇಶನ್‌ಗೆ 182ಎ ಸೆಕ್ಷನ್ನಿನಲ್ಲಿ ಗಾಡಿಯ ಯಜಮಾನನ ಮೇಲೆಯೇ ಕೇಸು, ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡವೋ ಆರು ತಿಂಗಳ ತನಕ ಜೈಲೋ. ಕೆಎಲ್ 14 ಇರಲಿ, ಕೆಎ 19 ಇರಲಿ, ತಲಪಾಡಿಯ ಆಚೆ ಈಚೆ ಕಾಯ್ದೆ ಒಂದೇ. ಮದುವೆಗೆಂದು ಎರವಲು ಕೊಟ್ಟ ಕಾರಿನ ಆರ್‌ಸಿ ಯಾರ ಹೆಸರಿನಲ್ಲಿದೆ ಎಂದು ರೈಸ್ ಮಾಡುವವನಿಗೆ ನೆನಪಿರುವುದಿಲ್ಲ.

ಭಾರ ತಪ್ಪಿ ಎಂಜಿನ್ ಹಾರುವುದನ್ನು ಕಣ್ಣಾರೆ ಕಂಡವರು ಕಡಲಿಗೆ ಹೋಗುವವರು. ದೊಡ್ಡ ಅಲೆಯ ಮೇಲೆ ದೋಣಿಯ ಹಿಂಭಾಗ ಎದ್ದಾಗ ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ನೀರಿನಿಂದ ಹೊರಬರುತ್ತದೆ, ಎಂಜಿನ್ ಒಮ್ಮೆಲೇ ಕಿರುಚುತ್ತದೆ. ಅನುಭವಿಯ ಕೈ ತಾನಾಗಿಯೇ ಥ್ರಾಟಲ್ ಇಳಿಸುತ್ತದೆ. ಅದೇ ಎಂಜಿನ್ನನ್ನು ದಡದಲ್ಲಿ ನೀರಿಲ್ಲದೆ ರೈಸ್ ಮಾಡಿ ನೋಡಿದರೆ ತಣಿಸುವ ನೀರೆತ್ತುವ ರಬ್ಬರ್ ಇಂಪೆಲ್ಲರ್ ಸುಟ್ಟುಹೋಗುತ್ತದೆ. ತೋಟದವರ ಹುಲ್ಲು ಕತ್ತರಿಸುವ ಮೆಷಿನ್ನೂ ಹೀಗೆಯೇ. ಟೂ ಸ್ಟ್ರೋಕ್ ಮೆಷಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲಿನಲ್ಲಿ ಬೆರೆತು. ನೈಲಾನ್ ದಾರ ಮುಗಿದ ಮೇಲೂ ಪೂರ್ತಿ ಥ್ರಾಟಲ್‌ನಲ್ಲಿ ಬಿಟ್ಟರೆ ತಡೆಯೇ ಇಲ್ಲದೆ ಅದು ತನ್ನ ಮಿತಿ ದಾಟಿ ತಿರುಗುತ್ತದೆ. ಕಾರಿನ ಹಾಗೆ ಎಲ್ಲ ಮೆಷಿನ್ನಿನಲ್ಲಿ ಕಾಯುವ ಕಂಪ್ಯೂಟರ್ ಇರುವುದಿಲ್ಲ.

ಕಾರಿನಲ್ಲೂ ಕಂಪ್ಯೂಟರ್ ಕೈಚೆಲ್ಲುವ ಸಂದರ್ಭ ಎರಡಿವೆ. ಒಂದು, ಇಳಿಜಾರಿನಲ್ಲಿ ವೇಗವಾಗಿ ಬರುವಾಗ ನಾಲ್ಕರಿಂದ ಮೂರಕ್ಕೆ ಹಾಕುವ ಬದಲು ಒಂದಕ್ಕೆ ಬೀಳಿಸಿದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಇಂಧನ ನಿಲ್ಲಿಸಿ ಪ್ರಯೋಜನವಿಲ್ಲ. ಇನ್ನೊಂದು ಡೀಸೆಲ್ ರನ್‌ಅವೇ. ಟರ್ಬೋದ ಸೀಲ್ ಹೋಗಿ ಎಂಜಿನ್ ತನ್ನದೇ ಆಯಿಲ್ ಕುಡಿದು ಉರಿಯಲು ಸುರು ಮಾಡಿದರೆ ಕೀ ತೆಗೆದರೂ ನಿಲ್ಲುವುದಿಲ್ಲ. ದಟ್ಟ ಹೊಗೆ, ಏರುತ್ತಾ ಹೋಗುವ ಶಬ್ದ, ಆಯಿಲ್ ಮುಗಿಯುವ ತನಕವೋ ಎಂಜಿನ್ ಒಡೆಯುವ ತನಕವೋ. ಗೇರ್ ಗಾಡಿಯಾದರೆ ಬ್ರೇಕ್ ಪೂರ್ತಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ದೊಡ್ಡ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಕಟ್ಟಿಹಾಕಿ ನಿಲ್ಲಿಸಬಹುದು. ಅದು ಆಗದಿದ್ದರೆ ಇಳಿದು ದೂರ ಹೋಗುವುದೇ ಬುದ್ಧಿ. ಬಾನೆಟ್ ತೆರೆದು ಕೈ ಹಾಕಬಾರದು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಮಾಡುವುದೂ ರೈಸೇ. ಅದರ ಬದಲು ಮೊದಲು ಬಾನೆಟ್ ಮುಟ್ಟಿ ನೋಡಬೇಕು. ಬಿಸಿಯಿದ್ದರೆ ಮಾರುವವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾನೆ ಎಂದಾಯಿತು, ತಣ್ಣಗಿದ್ದಾಗ ಬರುವ ಹೊಗೆಯೂ ಶಬ್ದವೂ ನಿಮಗೆ ಸಿಗುವುದಿಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಬಿಸಿಯಾದ ಮೇಲೆ ಮೆಲ್ಲಗೆ 2500-3000ಕ್ಕೆ ಏರಿಸಿ ಹಿಂದೆ ನಿಂತು ನೋಡಿದರೆ ಸಾಕು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಇಂಧನ ಸರಿ ಉರಿಯುತ್ತಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು.

ಕೊನೆಗೆ ಗಲ್ಫಿನಲ್ಲಿರುವವರ ಕಾರು. ‘ದಿನಾ ಒಮ್ಮೆ ಸ್ಟಾರ್ಟ್ ಮಾಡಿ ರೈಸ್ ಕೊಡು, ಇಲ್ಲದಿದ್ದರೆ ಬ್ಯಾಟರಿ ಹೋಗ್ತದೆ’ ಎಂದು ತಮ್ಮನಿಗೆ ಫೋನಿನಲ್ಲಿ ಹೇಳುವುದು ವಾಡಿಕೆ. ತಮ್ಮನೂ ಪಾಪ ಪ್ರೀತಿಯಿಂದಲೇ ಐದು ನಿಮಿಷ ಜೋರಾಗಿ ರೈಸ್ ಮಾಡಿ ಆಫ್ ಮಾಡುತ್ತಾನೆ. ಇದರಲ್ಲಿ ಎಲ್ಲ ಕೆಟ್ಟದ್ದೂ ಒಟ್ಟಿಗೆ ಇದೆ: ತಣ್ಣಗಿನ ಆಯಿಲ್, ಹಠಾತ್ ರೈಸ್, ಬಿಸಿಯಾಗುವ ಮುಂಚೆ ಆಫ್. ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ಉರಿದಾಗ ಹುಟ್ಟಿದ ನೀರು ಆವಿಯಾಗಿ ಹೋಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ, ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ಹೋದ ಕರೆಂಟು ಐದು ನಿಮಿಷದಲ್ಲಿ ಪೂರ್ತಿ ವಾಪಸ್ ಬರುವುದು ಕಷ್ಟ. ಆಲ್ಟರ್ನೇಟರಿಗೆ 1500-2000 ಆರ್‌ಪಿಎಂ ಧಾರಾಳ, ಅದರ ಮೇಲಿನ ರೈಸೆಲ್ಲ ಶಬ್ದಕ್ಕೆ ಮಾತ್ರ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಆದರೆ ಇನ್ನೊಂದು ತಲೆನೋವು. ಅದರ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ರಸ್ತೆಯ ಓಟ ಬೇಕು, ಅಂಗಳದ ಐದು ನಿಮಿಷದಿಂದ ಮಸಿ ಸೇರುವುದೇ ಹೊರತು ಹೋಗುವುದಿಲ್ಲ.

ಅದಕ್ಕಿಂತ ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಹೈವೇಯಲ್ಲಿ ಓಡಿಸಿ ತರಲು ಹೇಳಬೇಕು. ಉಪ್ಪಳದಿಂದ ಕುಂಬಳೆಗೆ ಹೋಗಿ ಬಂದರೂ ಆಯಿತು. ಓಡಿಸುವವರು ಯಾರೂ ಇಲ್ಲವಾದರೆ ಸ್ಟಾರ್ಟೇ ಮಾಡದೆ ಬ್ಯಾಟರಿಯ ನೆಗೆಟಿವ್ ವಯರ್ ತೆಗೆದಿಡುವುದು ಲೇಸು. ಶಟರ್ ಇರುವ ಗ್ಯಾರೇಜಾದರೆ ಸ್ಟಾರ್ಟ್ ಮಾಡಿದ ಕೂಡಲೇ ಕಾರನ್ನು ಹೊರಗೆ ತರಬೇಕು. ಮುಚ್ಚಿದ ಜಾಗದಲ್ಲಿ ಸ್ಟಾರ್ಟ್ ಇಟ್ಟು ರೈಸ್ ಮಾಡಿದರೆ ತುಂಬುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ತಲೆ ತಿರುಗುವಷ್ಟರಲ್ಲಿ ಬಾಗಿಲಿನ ತನಕ ನಡೆಯುವ ಶಕ್ತಿಯೂ ಉಳಿದಿರುವುದಿಲ್ಲ.